ರುಚಿ ನೋಡದ ಸಾರು

ಹೊಳೆದಂಡೆಯ ಆ ಆಶ್ರಮದಲ್ಲಿ ನಡೆಯುತ್ತಿದ್ದದ್ದು ಎರಡೇ ಕೆಲಸ. ಒಂದು, ಪಿಟೀಲು ಕುಯ್ಯುವುದು. ಇನ್ನೊಂದು, ಬಂದವರಿಗೆಲ್ಲ ಊಟ ಹಾಕುವುದು. ಮೊದಲನೆಯದಕ್ಕಿಂತ ಎರಡನೆಯದಕ್ಕೇ ಜನ ಹೆಚ್ಚು ಬರುತ್ತಾರೆ ಅನ್ನುವುದು ಗುರುಗಳಿಗೂ ಗೊತ್ತಿತ್ತು.

ಗುರುಗಳ ಹೆಸರು ಅಳಸಿಂಗಾಚಾರ್ಯರು. ಪ್ರಾಯದಲ್ಲಿ ಹಡಗಿನಲ್ಲಿ ಪಿಟೀಲು ನುಡಿಸುತ್ತ ಸಮುದ್ರದಾಚೆಯ ಬಂದರುಗಳನ್ನೆಲ್ಲ ಕಂಡುಬಂದವರು. ಈಗ ಮೂವತ್ತು ಶಿಷ್ಯರನ್ನು ಕೂರಿಸಿಕೊಂಡು ವಾದ್ಯವೃಂದ ನಡೆಸುತ್ತಿದ್ದರು.

ಆ ಮೂವತ್ತರಲ್ಲಿ ಮೊದಲ ಪಿಟೀಲು ಸಂಪಂಗಿಯದು. ಏಳು ವರ್ಷ ಕಲಿತು, ಎಂಟನೆಯ ವರ್ಷ ಅವನು ಸ್ವಂತ ಕೃತಿಯೊಂದನ್ನು ಕಟ್ಟಿದ. ಹೆಸರು ‘ಎಲೆಯೂಟ’. ಎಲೆಯ ತುದಿಗೆ ಉಪ್ಪು ಬಡಿಸುವುದರಿಂದ ಹಿಡಿದು ಕೊನೆಯ ಮಜ್ಜಿಗೆಯವರೆಗೆ ಎಲ್ಲವೂ ಅದರಲ್ಲಿತ್ತು. ಕೋಸಂಬರಿಗೆ ಕೊಳಲು, ಹಪ್ಪಳಕ್ಕೆ ಖಂಜಿರ, ಪಾಯಸಕ್ಕೆ ಹನ್ನೆರಡು ಪಿಟೀಲು ಒಟ್ಟಿಗೆ.

ಗುರುಗಳು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ಎಲ್ಲ ಇದೆ,” ಎಂದರು. “ಹಸಿವೆಲ್ಲಿ?”

ಸಂಪಂಗಿ ಮೂರು ದಿನ ತಲೆ ಕೆಡಿಸಿಕೊಂಡ. ನಾಲ್ಕನೆಯ ದಿನ ಕೃತಿಯ ಮೊದಲಿಗೆ ಒಂದು ಡೋಲು ಸೇರಿಸಿದ. ಅದು ಹೊಟ್ಟೆ ಗುರುಗುಟ್ಟಿದ ಹಾಗೆ ಕೇಳಿಸಬೇಕು ಅನ್ನುವುದು ಅವನ ಲೆಕ್ಕಾಚಾರ.

“ಇದು ಹಸಿವಲ್ಲಪ್ಪ, ಅಜೀರ್ಣ,” ಎಂದರು ಗುರುಗಳು.

ಕೊಳಲಿನವರು ಕಿಸಕ್ಕನೆ ನಕ್ಕರು. ಸಂಪಂಗಿಗೆ ಅವಮಾನದಿಂದ ಕಿವಿ ಬಿಸಿಯಾಯಿತು.

“ಹುಣ್ಣಿಮೆಗೆ ವರ್ಷದ ಕಚೇರಿ ಇದೆ,” ಎಂದರು ಗುರುಗಳು. “ಮೊದಲು ನನ್ನ ಟ್ಯಾಂಗೋ. ಅಷ್ಟರಲ್ಲಿ ನಿನ್ನ ಕೃತಿಗೆ ಹಸಿವು ಸಿಕ್ಕಿದ್ದರೆ ಅದನ್ನೂ ನುಡಿಸೋಣ. ಇಲ್ಲದಿದ್ದರೆ ಮಂಗಳ ಹಾಡಿ ಏಳೋಣ.”

ಟ್ಯಾಂಗೋ ಅಂದರೆ ಗುರುಗಳು ದೂರದ ಬಂದರೊಂದರಲ್ಲಿ ಕಂಡ ಜೋಡಿ ಕುಣಿತ. ಆ ಕುಣಿತದ ನಡೆಯಲ್ಲೇ ಅವರೊಂದು ಕೃತಿ ಮಾಡಿದ್ದರು. ಅಲ್ಲಿಯವರು ತಿದಿಯಿರುವ ಏನನ್ನೋ ತೊಡೆಯ ಮೇಲಿಟ್ಟು ನುಡಿಸುತ್ತಿದ್ದರಂತೆ. ಇಲ್ಲಿ ಅದರ ಜಾಗಕ್ಕೆ ಹಾರ್ಮೋನಿಯಂ.

ಸಂಪಂಗಿಗೆ ಅದು ಹಿಡಿಸಿರಲಿಲ್ಲ.

“ಗುರುಗಳೇ, ಎಲೆಯೂಟಕ್ಕೂ ಆ ಕುಣಿತಕ್ಕೂ ಎಲ್ಲಿಂದೆಲ್ಲಿಯ ನಂಟು? ಗಂಡು ಹೆಣ್ಣು ತಬ್ಬಿಕೊಂಡು ಕುಣಿಯೋದು. ಆಶ್ರಮದಲ್ಲಿ ಅದು ಬೇಕೆ?”

ಗುರುಗಳು ಅವನನ್ನು ಹೊಳೆಯ ಮರಳಿಗೆ ಕರೆದುಕೊಂಡು ಹೋದರು. ಎದುರು ನಿಲ್ಲಿಸಿ, ಕೈ ಹಿಡಿದು, ಬೆನ್ನಿಗೆ ಇನ್ನೊಂದು ಕೈಯಿಟ್ಟರು.

“ಮುಂದಕ್ಕೆ ನಡಿ. ನಾನು ಹಿಂದೆ ಹಿಂದೆ ಸರೀತೀನಿ.”

ಸಂಪಂಗಿ ನಡೆದ. ಎರಡನೆಯ ಹೆಜ್ಜೆಗೇ ಗುರುಗಳ ಕಾಲು ತುಳಿದ. ನಾಲ್ಕನೆಯದಕ್ಕೆ ಮತ್ತೆ ತುಳಿದ.

“ಎಲ್ಲಿ ನೋಡ್ತಾ ಇದ್ದೀಯ?”

“ನನ್ನ ಕಾಲನ್ನೇ ನೋಡ್ತಾ ಇದ್ದೀನಿ ಗುರುಗಳೇ. ತಪ್ಪಬಾರದಲ್ಲ.”

“ಅದಕ್ಕೇ ನನ್ನದನ್ನು ತುಳಿದೆ.”

ಗುರುಗಳು ಕೂತು ಹೆಬ್ಬೆರಳು ನೀವಿಕೊಂಡರು. “ನಾಳೆಯಿಂದ ಹುಣ್ಣಿಮೆಯವರೆಗೆ ಅಡುಗೆಮನೆಯಲ್ಲಿರು. ಪಿಟೀಲು ಮುಟ್ಟಬೇಡ.”

ಅಡುಗೆಮನೆ ಪೆರುಂದೇವಮ್ಮನದು. ನಲವತ್ತು ವರ್ಷದಿಂದ ಆ ಒಲೆಗಳ ಮುಂದೆ ನಿಂತವಳು. ಅವಳು ಸಂಪಂಗಿಗೆ ಹೇಳಿದ್ದು ಒಂದೇ ಕಟ್ಟಳೆ. ದೇವರಿಗೆ ನೈವೇದ್ಯ ಆಗುವ ತನಕ ಅಡುಗೆಯ ಒಂದು ತೊಟ್ಟೂ ಯಾರ ಬಾಯಿಗೂ ಹೋಗಕೂಡದು. ಹೋದರೆ ಅಷ್ಟೂ ಎಂಜಲು.

“ಹಾಗಾದರೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ, ಅಮ್ಮಾ?”

“ವಾಸನೆ ಹೇಳುತ್ತೆ.”

“ವಾಸನೆ ಸುಳ್ಳು ಹೇಳಿದರೆ?”

“ಪಂಕ್ತೀಲಿ ಕೂತೋರು ಎರಡನೇ ಸಲ ಕೇಳ್ತಾರಲ್ಲ, ಆಗ ಗೊತ್ತಾಗುತ್ತೆ. ಕೇಳದೆ ಇದ್ದರೂ ಗೊತ್ತಾಗುತ್ತೆ. ಸಾಕು, ಹುಣಿಸೆಹಣ್ಣು ಕಿವುಚು, ಮಹರಾಯ.”

ಹದಿನಾಲ್ಕು ದಿನ ಅವನು ಹುಣಿಸೆಹಣ್ಣು ಕಿವುಚಿದ, ಕಾಯಿ ತುರಿದ, ಹೊಗೆ ಕುಡಿದ. ಚಾವಡಿಯಲ್ಲಿ ಉಳಿದವರು ಟ್ಯಾಂಗೋ ಅಭ್ಯಾಸ ಮಾಡುತ್ತಿದ್ದರು. ಎಲೆಯೂಟವನ್ನೂ ಒಮ್ಮೊಮ್ಮೆ ನುಡಿಸಿ ನೋಡುತ್ತಿದ್ದರು. ಆಗೆಲ್ಲ ಅವನ ಜೀವ ಅಲ್ಲೇ ಇರುತ್ತಿತ್ತು. ಹಸಿವು ಮಾತ್ರ ಎಲ್ಲೂ ಸಿಗಲಿಲ್ಲ.

ಹುಣ್ಣಿಮೆ ಬಂತು. ಬೆಳಗಿನಿಂದಲೇ ಜನ ಸೇರಿದರು. ಮೊದಲು ಊಟ, ಆಮೇಲೆ ಕಚೇರಿ ಅನ್ನುವುದು ಅಲ್ಲಿಯ ಪದ್ಧತಿ. ಉಂಡವರಲ್ಲಿ ಅರ್ಧ ಜನ ಕಚೇರಿಯಲ್ಲಿ ತೂಕಡಿಸುವುದೂ ಪದ್ಧತಿಯೇ.

ಪೆರುಂದೇವಮ್ಮ ಹೊರಗೆ ಎಲೆ ತೊಳೆಸುತ್ತಿದ್ದಳು. ಸಂಪಂಗಿ ಕೊಳದಪ್ಪಲೆಯಲ್ಲಿ ಸಾರು ತಿರುವುತ್ತಿದ್ದ. ತಲೆಯಲ್ಲಿ ಅವನದೇ ಕೃತಿ ಓಡುತ್ತಿತ್ತು. ಸಾರಿನ ಭಾಗ ಬಂತು. ಅಲ್ಲಿ ಒಂದು ಸ್ವರ ಹೆಚ್ಚಾಯಿತೇನೋ ಅನ್ನಿಸಿತು. ಅದನ್ನೇ ಗುನುಗುತ್ತ, ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿದ.

ನೆಕ್ಕಿದ ಮೇಲೆ ಗೊತ್ತಾಯಿತು.

ಯಾರೂ ನೋಡಿರಲಿಲ್ಲ. ಬಾಯಿ ಒರೆಸಿಕೊಂಡರೆ ಮುಗಿದೇ ಹೋಯಿತು. ಹೇಳಿದರೆ ನೂರೈವತ್ತು ಜನರ ಊಟ ನಿಲ್ಲುತ್ತದೆ, ಕಚೇರಿ ಕೆಡುತ್ತದೆ, ಎಂಟು ವರ್ಷದ ಅವನ ಆಸೆಯೂ ಅದರ ಜೊತೆಗೇ ಮುಳುಗುತ್ತದೆ.

ಅವನು ಸೌಟು ಕೆಳಗಿಟ್ಟು ಹೊರಗೆ ಹೋಗಿ, “ಅಮ್ಮಾ, ಸಾರು ಎಂಜಲಾಯ್ತು,” ಎಂದ.

ಪೆರುಂದೇವಮ್ಮ ತಲೆಯ ಮೇಲೆ ಕೈ ಹೊತ್ತಳು. “ಅಯ್ಯೋ ನಿನ್ನ ನಾಲಗೆಗೆ ಬೆಂಕಿ ಬೀಳ! ನಲವತ್ತು ವರ್ಷದಲ್ಲಿ ಒಂದು ದಿನ ಹೀಗಾಗಿರಲಿಲ್ಲವಲ್ಲೋ!”

ಸಾರು ಅಷ್ಟೂ ದನಗಳ ಕಲಗಚ್ಚಿನ ಬಾನಿಗೆ ಹೋಯಿತು. ಗುರುಗಳು ಬಂದು ಬಾಗಿಲಲ್ಲಿ ನಿಂತರು.

“ಮತ್ತೆ ಮಾಡೋದಕ್ಕೆ ಎಷ್ಟು ಹೊತ್ತು ಬೇಕು?”

“ಬೇಳೆ ಬೇಯಬೇಕು. ಒಂದೂವರೆ ಗಂಟೆಯಾದರೂ ಬೇಕು,” ಎಂದಳು ಪೆರುಂದೇವಮ್ಮ.

“ಬಂದವರಿಗೆ ಹಸಿವಾಗಿದೆಯೆ?”

“ಇದೊಳ್ಳೇ ಪ್ರಶ್ನೆ! ಬೆಳಗ್ಗೆ ಬೆಳಗ್ಗೇನೇ ನಡೆದು ಬಂದೋರು. ಹಸಿಯದೆ ಇರ್ತಾರೆಯೆ?”

ಗುರುಗಳು ಸಂಪಂಗಿಯ ಕಡೆ ತಿರುಗಿದರು. “ಹಸಿವು ಸಿಕ್ಕಿತಲ್ಲ. ಇವತ್ತು ಕಚೇರಿ ಮೊದಲು, ಊಟ ಆಮೇಲೆ. ಟ್ಯಾಂಗೋ ಮುಗಿದ ಕೂಡಲೇ ನಿನ್ನ ಎಲೆಯೂಟ ಬಡಿಸೋಣ.”

ಸಂಪಂಗಿಗೆ ನಂಬಲಾಗಲಿಲ್ಲ. ಬೈಗುಳಕ್ಕೆ ಕಾದಿದ್ದವನಿಗೆ ಕಣ್ಣು ತುಂಬಿ ಬಂತು. ಪಂಚೆಗೆ ಕೈ ಒರೆಸಿಕೊಂಡು ಹೊರಟೇಬಿಟ್ಟ.

“ನೀನೆಲ್ಲಿಗೆ?”

“ಪಿಟೀಲು ತರೋದಕ್ಕೆ, ಗುರುಗಳೇ.”

“ಸಾರು ಯಾರು ಮಾಡ್ತಾರೆ?”

“ಗುರುಗಳೇ... ನಾನು ಕಟ್ಟಿದ ಕೃತಿ. ನುಡಿಸೋದು ಬೇಡ, ಕಂಬದ ಹಿಂದೆ ನಿಂತು ಕೇಳಿಸಿಕೊಳ್ಳೋದೂ ಬೇಡವೆ?”

“ಒಂದೇ ದಿನ ಎರಡು ಸಲ ರುಚಿ ನೋಡಬೇಡ,” ಎಂದು ಗುರುಗಳು ಹೊರಟುಹೋದರು.

ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗಾಯಿತು. ಸಂಪಂಗಿ ಒಲೆಯ ಮುಂದೆ ಕುಸಿದು ಕೂತ. ಪೆರುಂದೇವಮ್ಮ ಬೇಳೆಗೆ ನೀರಿಟ್ಟು, ಕೈ ತೊಳೆದು, ಸೆರಗು ಸರಿಮಾಡಿಕೊಂಡಳು.

“ನಲವತ್ತು ವರ್ಷದಿಂದ ಕಚೇರಿ ಹೊತ್ತಿಗೆ ಪಾತ್ರೆ ತಿಕ್ಕಿಸ್ತಾ ಇದ್ದೆ,” ಎಂದಳು. “ಇವತ್ತು ಕೇಳಿ ಬರ್ತೀನಿ. ಉಪ್ಪು ನೀನೇ ಹಾಕು.”

ಚಾವಡಿಯಲ್ಲಿ ಟ್ಯಾಂಗೋ ಶುರುವಾಯಿತು. ಹಾರ್ಮೋನಿಯಂ ಉಸಿರೆಳೆದುಕೊಂಡು ನಿಲ್ಲುತ್ತಿತ್ತು. ಪಿಟೀಲುಗಳು ಕಾದು, ಒಂದು ಹೆಜ್ಜೆ ಇಟ್ಟು, ಮತ್ತೆ ಕಾಯುತ್ತಿದ್ದವು. ಇಷ್ಟು ದಿನ ಕೇಳಿದರೂ ಆ ಕಾಯುವಿಕೆ ಅವನ ಕಿವಿಗೆ ಬಿದ್ದಿರಲಿಲ್ಲ.

ಅದು ಮುಗಿಯಿತು. ಎಲೆಯೂಟ ಶುರುವಾಯಿತು. ಅದೇ ಹೊತ್ತಿಗೆ ಬೇಳೆ ಉಕ್ಕಿತು.

ಅವನು ಸೌಟು ಹಾಕಿ ನೊರೆ ತೆಗೆದ, ಸೌದೆ ಎಳೆದ. ಉಪ್ಪಿನ ಭಾಗ ತಪ್ಪಿಹೋಯಿತು. ಕೋಸಂಬರಿಯ ಕೊಳಲು ಒಂದು ಎಳೆಯಷ್ಟು ಕೇಳಿಸಿತು. ಪಾಯಸ ಬಂದಾಗ ಒಗ್ಗರಣೆ ಚಟಪಟ ಸಿಡಿಯಿತು, ಹನ್ನೆರಡು ಪಿಟೀಲೂ ಅದರಡಿ ಮುಳುಗಿದವು. ಬಿಟ್ಟುಹೋಗಿ ಕೇಳಿಬಿಡಲೆ ಎಂದು ಒಮ್ಮೆ ಎದ್ದ. ಸಾರು ಕೊತಕೊತ ಕುದಿಯುತ್ತಿತ್ತು. ಕೂತ.

ಉಪ್ಪು ಹಿಡಿಯಲ್ಲಿ ಹಿಡಿದು, ಆವಿಗೆ ಮುಖ ಕೊಟ್ಟು, ಬಹಳ ಹೊತ್ತು ಮೂಸಿದ. ಹಾಕಿದ. ಇನ್ನೊಂದು ಚಿಟಿಕೆ ಹಾಕಿದ.

ಚಾವಡಿ ಯಾವಾಗ ಸುಮ್ಮನಾಯಿತೋ ಅವನಿಗೆ ತಿಳಿಯಲಿಲ್ಲ.

ನೈವೇದ್ಯವಾಯಿತು. ಪಂಕ್ತಿ ಕೂತಿತು. ಸಂಪಂಗಿ ಸಾರಿನ ಬಕೆಟ್ಟು ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತ ಬಂದ. ಸಂಗೀತದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಹಸಿದವರು ತಲೆ ತಗ್ಗಿಸಿ ಕಲಸುತ್ತಿದ್ದರು. ಪೆರುಂದೇವಮ್ಮ ಕಂಬಕ್ಕೊರಗಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಕಚೇರಿ ಶುರುವಾದಾಗಿನಿಂದ ಅವಳು ಹೊಗೆಯ ಹತ್ತಿರ ಸುಳಿದೇ ಇರಲಿಲ್ಲ.

ಸಾಲಿನ ಕೊನೆಯ ಎಲೆ ಗುರುಗಳದು. ಸಂಪಂಗಿ ಒಂದು ಸೌಟು ಸಾರು ಬಡಿಸಿ ಅಲ್ಲೇ ನಿಂತ. ತಡೆಯಲಾಗಲಿಲ್ಲ.

“ಗುರುಗಳೇ, ಹೇಗಿತ್ತು?”

ಗುರುಗಳು ಅನ್ನ ಕಲಸಿದರು. ನಾಲ್ಕು ತುತ್ತು ಉಂಡರು. ಎಲೆಯ ಮಧ್ಯೆ ಉಳಿದ ಅನ್ನವನ್ನು ಬೆರಳಿನಿಂದ ಗುಳಿ ಮಾಡಿದರು.

“ಇನ್ನೊಂದು ಸೌಟು ಹಾಕಪ್ಪ.”