ಬೋರಿಗಿಳಿದ ಮುದ್ದೆ

ಕೇಳ್ರವ್ವ, ಬೋರ್ ಕೊರೆಯೋ ಲಾರಿಯಲ್ಲಿ ಅಡುಗೆ ಮಾಡೋನೊಬ್ಬ ಇದ್ದ. ಊರಲ್ಲಿ ಹೆಂಡತಿ ಹೆಣ್ಣುಕೂಸು ಹೆತ್ತು ಹದಿನೆಂಟು ದಿನ. ಅದರ ಮುಖ ನೋಡೋಕೆ ಅವನ ಜೀವ ಹಾತೊರೀತಿತ್ತು. ಅಷ್ಟರಲ್ಲಿ ಮುನ್ನೂರು ಅಡಿ ಆಳದಲ್ಲಿ ಕೊರೆಯೋ ರಾಡು ಮುರಿದು ಸಿಕ್ಕಿಕೊಂಡಿತು.

"ರಾಡು ಮೇಲೆ ಬರೋವರೆಗೂ ಯಾರೂ ಊರಿಗೆ ಹೋಗಂಗಿಲ್ಲ!" ಅಂದ ಮಾಲೀಕ ಓಬಣ್ಣ.

ರಾಡಿನ ತಲೆ ಕಚ್ಚಿ ಹಿಡಿಯೋ ಕಬ್ಬಿಣದ ಟೋಪಿಯನ್ನ ನಾಲ್ಕು ದಿನ ಇಳಿಸಿದ. ನಾಲ್ಕು ದಿನವೂ ಅದು ಖಾಲಿ ಬಂತು.

"ಅಣ್ಣ, ರಾಡು ಹೆಂಗೆ ನಿಂತೈತೆ ಅಂತ ನೋಡಿದ್ರಾ?" ಅಂದ ಅಡುಗೆಯವನು.

"ಲೋ ಒಲೆ ಊದೋನೆ, ಅಷ್ಟು ಆಳ ಯಾವನಿಗೆ ಕಾಣ್ತದೋ?"

ಅಡುಗೆಯವನು ಹೋಗಿ ಒಲೆ ಹತ್ತಿಸಿದ. ಗಟ್ಟಿಯಾಗಿ ರಾಗಿಮುದ್ದೆ ತಿರುವಿ, ಆರಿಸಿ, ಪೈಪಿನ ತುದಿಗೆ ಮೆತ್ತಿ ಒಣಬೋರಿಗೆ ಇಳಿಸಿದ. ಒಮ್ಮೆ ಒತ್ತಿ ಎತ್ತಿದರೆ, ಮುದ್ದೆಯ ಅಂಚಲ್ಲಿ ಅರ್ಧಚಂದ್ರದ ಅಚ್ಚು!

"ರಾಡು ಗೋಡೆಗೆ ಒರಗೈತೆ ಅಣ್ಣ. ನೀವು ನಡುವೆ ಹುಡುಕ್ತಾ ಇದ್ದೀರಿ. ಕೊಕ್ಕೆಯಲ್ಲಿ ಈಚೆಗೆ ಎಳೆದು ಆಮೇಲೆ ಟೋಪಿ ತೊಡಿಸಿ."

ಹಂಗೇ ಮಾಡಿದರು. ಮಧ್ಯಾಹ್ನಕ್ಕೆ ರಾಡು ಮೇಲೆ ಬಂತು. ಓಬಣ್ಣ ಓಡಿಬಂದು ಅವನ ಕೈ ಹಿಡಕೊಂಡ. "ಒಲೆ ಬಿಡಪ್ಪ, ಇವತ್ತಿಂದ ನನ್ನ ಪಕ್ಕದಲ್ಲೇ ಇರು!"

ಅವನು ಆಗಲೇ ಚೀಲ ಹೆಗಲಿಗೇರಿಸಿದ್ದ.

"ಅಣ್ಣ, ಮುನ್ನೂರು ಅಡಿ ಕೆಳಗಿದ್ದದ್ದು ಇಲ್ಲಿಂದಲೇ ಕಂಡಿತು. ನನ್ನ ಮಗಳ ಮುಖ ಮಾತ್ರ, ಕಣ್ಣು ಮುಚ್ಚಿ ಎಷ್ಟು ನೆನೆದರೂ ಕಾಣಾಕಿಲ್ಲ. ಬರ್ತೀನಿ."