ವರ್ತಕ ತೂಗಿಸಿದ ಬರಿ ತೊಟ್ಟಿಲು

ಅಂಬುಜಾಕ್ಷಮ್ಮನವರ ಹಳೆಯ ಡೈರಿಯಲ್ಲಿ, ೧೯೭೮ ಅಕ್ಟೋಬರ್ ೧೪, ಶನಿವಾರದ ಪುಟದಲ್ಲಿ, ಶಿಷ್ಯೆಯೊಬ್ಬಳು ಕೇಳಿದ ಪ್ರಶ್ನೆ ಇದೆ.

“ಅಮ್ಮ, ದೂರದ ಊರುಗಳವರು ಬಂದು ನಮ್ಮ ವಸ್ತುಸಂಗ್ರಹಾಲಯ ನೋಡಿ ಹೊಗಳುತ್ತಾರೆ. ನಮ್ಮೂರಿನವರು ಮಾತ್ರ ಬಾಗಿಲವರೆಗೆ ಬಂದು ಹಿಂದಿರುಗುತ್ತಾರೆ. ಅವರಿಗೆ ತಿಳಿವಳಿಕೆ ಸಾಲದೇ?”

ಕೇಳಿದವಳು ನೀಲಾಂಬಿಕೆ. ಆ ವರ್ಷವೇ ವಸ್ತುಸಂಗ್ರಹಾಲಯದ ಹೊಣೆ ಹೊತ್ತವಳು. ಅಂಬುಜಾಕ್ಷಮ್ಮ ಕಾಲೇಜಿನಲ್ಲಿ ಅವಳಿಗೆ ಇತಿಹಾಸ ಕಲಿಸಿದವರು. ಅವರು ನೇರ ಉತ್ತರ ಕೊಡಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ತನ್ನ ಊರಿನವರು ಕಂಡು ಹಿಗ್ಗಲಿ ಎಂದು ಅವರ ಹಳೆಯ ಸಾಮಾನುಗಳನ್ನೇ ಕೊಂಡು, ಚೆಂದದ ಮನೆಯೊಂದನ್ನು ಕಟ್ಟಿಸಿ, ಅಲ್ಲಿ ಒಪ್ಪವಾಗಿ ಜೋಡಿಸಿದ. ಬಾಗಿಲಿಗೆ ಎದುರಾಗಿ ಕೆತ್ತನೆಯ ತೊಟ್ಟಿಲನ್ನು ಕಟ್ಟಿಸಿದ. ನೋಡುವವರ ಕಣ್ಣಿಗೆ ಹಬ್ಬವಾಗಲೆಂದು ಕಾವಲುಗಾರನಿಂದ ಅದನ್ನು ದಿನವಿಡೀ ತೂಗಿಸಿದ.

ಬೇರೆ ಊರಿನವರು ಬಂದರು, ಮೆಚ್ಚಿದರು. ಊರಿನ ಹೆಂಗಸರು ಹೊಸ್ತಿಲವರೆಗೆ ಬಂದರು, ತೊಟ್ಟಿಲು ಕಂಡರು, ಮುಖ ಬಾಡಿಸಿಕೊಂಡು ಹೊರಟುಹೋದರು. ಹೆಂಗಸರು ಬಾರದ ಕಡೆಗೆ ಗಂಡಸರೂ ಸುಳಿಯಲಿಲ್ಲ. ವರ್ತಕ ಫಲಕಗಳ ಅಕ್ಷರ ದೊಡ್ಡದು ಮಾಡಿಸಿದ, ದೀಪ ಹೆಚ್ಚಿಸಿದ. ಫಲವಿಲ್ಲ. ಯುಗಾದಿಯೊಳಗೆ ಊರಿನವರು ಒಳಗೆ ಬಾರದಿದ್ದರೆ ಎಲ್ಲವನ್ನೂ ರಾಜಧಾನಿಗೆ ಸಾಗಿಸಿ ಬೀಗ ಹಾಕುವುದೆಂದು ನಿಶ್ಚಯಿಸಿದ. ನಿಶ್ಚಯಿಸಿದವನಿಗೆ ಊಟ ಸೇರಲಿಲ್ಲ.

ಯುಗಾದಿಯ ಹಿಂದಿನ ದಿನ ಒಬ್ಬ ಮುದುಕಿ ಬಂದಳು. ಜೊತೆಗಿದ್ದ ಹೆಂಗಸರು ಹೊಸ್ತಿಲಲ್ಲೇ ನಿಂತರು. ಮುದುಕಿ ನೆಟ್ಟಗೆ ಒರಳಿನ ಬಳಿ ಹೋಗಿ, ಅದರ ಗುಂಡುಕಲ್ಲನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಳು.

“ಏ ಅಜ್ಜಿ, ಮುಟ್ಟಬಾರದು! ಬೋರ್ಡು ಕಾಣುವುದಿಲ್ಲವೇ?” ಎಂದು ಕಾವಲುಗಾರ ಕೂಗಿದ.

“ನೀನು ಅಳುವಾಗ ನಿಮ್ಮವ್ವ ಬೋರ್ಡು ಓದುತ್ತ ನಿಂತಿದ್ದಳೇನೋ?” ಎಂದಳು ಮುದುಕಿ.

ಗದ್ದಲ ಕೇಳಿ ವರ್ತಕ ಓಡಿಬಂದ. ಮುದುಕಿ ಕಲ್ಲನ್ನು ತೊಟ್ಟಿಲಲ್ಲಿ ಮಲಗಿಸುತ್ತಿದ್ದಳು.

“ಬರಿ ತೊಟ್ಟಿಲು ತೂಗಿದರೆ ಕೂಸಿಗೆ ಕೇಡಪ್ಪಾ. ಯಾವ ತಾಯಿ ಅದನ್ನು ನೋಡಿಯಾಳು? ನಾಮಕರಣದಲ್ಲಿ ಕೂಸಿಗಿಂತ ಮೊದಲು ಈ ಕಲ್ಲು, ನಮ್ಮ ಗುಂಡಪ್ಪ, ಮಲಗಬೇಕು. ನಿನಗೂ ಹಾಗೇ ಮಾಡಿದ್ದೆವು.”

“ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ!”

“ನೀನು ಯಾರನ್ನು ಕೇಳಿದೆ?”

ಮುದುಕಿ ಕೈಬೀಸಿದಳು. ಹೊಸ್ತಿಲಲ್ಲಿದ್ದ ಹೆಂಗಸರು ಒಳಗೆ ನುಗ್ಗಿದರು. ಒಬ್ಬಳು ಓಡಿಹೋಗಿ ಸಕ್ಕರೆ ತಂದಳು. ಇನ್ನೊಬ್ಬಳು ಜೋಗುಳ ಎತ್ತಿದಳು. ಹೆಸರಿಡಲು ಸೋದರತ್ತೆ ಬೇಕಲ್ಲ? ವರ್ತಕನನ್ನೇ ಸೋದರತ್ತೆ ಮಾಡಿದರು. ಅವನು ಬಗ್ಗಿ ಕಲ್ಲಿನ ಕಿವಿಯಲ್ಲಿ ಹೆಸರು ಉಸುರುವಷ್ಟರಲ್ಲಿ, ಸೋದರತ್ತೆಯ ಬೆನ್ನಿಗೆ ಗುದ್ದುವ ವಾಡಿಕೆಯಂತೆ ಎಲ್ಲರೂ ಗುದ್ದಿದರು. ಸಂದು ನೋಡಿ ಕಾವಲುಗಾರನೂ ಒಂದು ಗುದ್ದಿದ. ವರ್ತಕ ಕಣ್ಣಲ್ಲಿ ನೀರು ಬರುವಂತೆ ನಕ್ಕ.

ಮರುದಿನ ಊರಿಗೆ ಊರೇ ಬಂದಿತು. “ಗುಂಡಪ್ಪ ಎದ್ದನೇ?” ಎಂದು ಕೇಳುತ್ತ ಬಂದವರು ತಮ್ಮ ಅಜ್ಜಿಯ ಬಿಂದಿಗೆಯನ್ನೂ ತಾತನ ಲಾಟೀನನ್ನೂ ಮಕ್ಕಳಿಗೆ ತೋರಿಸಿ ಎದೆಯುಬ್ಬಿಸಿದರು. ತಂದಿಟ್ಟ ಬೀಗ ಪೆಟ್ಟಿಗೆಯಲ್ಲೇ ಉಳಿಯಿತು.

ಕತೆ ಮುಗಿಯಿತು. ನೀಲಾಂಬಿಕೆ ನಗುತ್ತ ಕೇಳಿದಳು: “ಇಷ್ಟಕ್ಕೆಲ್ಲ ಕೊನೆಗೆ ಖರ್ಚಾದದ್ದೆಷ್ಟು, ಅಮ್ಮ?”

“ಊರಿನವರದು ಒಂದು ಹಿಡಿ ಸಕ್ಕರೆ, ವರ್ತಕನದು ಒಂದು ಸಲ ಬಗ್ಗಿದ ಬೆನ್ನು.”