ಪರೀಕ್ಷೆ ಪಾಸಾದ ಎಮ್ಮೆ

ಗೋಕಾಕದ ಕಡೆ ಒಂದು ಹಾಲಿನ ಡೇರಿ. ಅಲ್ಲಿ ನೀಲವ್ವ ಎಂಬಾಕೆ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದಳು. ಹಾಲಿನ ತೂಕ, ಕೊಬ್ಬಿನ ಲೆಕ್ಕ ಎಲ್ಲವೂ ಅವಳ ಪ್ರೋಗ್ರಾಮಿನಿಂದಲೇ ನಡೆಯುತ್ತಿತ್ತು. ಹೊಸದಾಗಿ ಬಂದ ಮ್ಯಾನೇಜರ್ ಚನ್ನಮಲ್ಲಪ್ಪ ಅವಳ ಮೇಲೆ ಗುಡುಗಿದರು: "ಕಂಪ್ಯೂಟರಿನ ಆನ್‌ಲೈನ್ ಪರೀಕ್ಷಾ ಪಾಸಾಗಿ ಸರ್ಟಿಫಿಕೇಟ್ ತರ್ರಿ. ಅದು ಇದ್ದವರಿಗಷ್ಟ ಇಲ್ಲಿ ಕೆಲಸ. ಇಲ್ಲಾಂದ್ರ ಸೋಮವಾರದಿಂದ ಬರಬ್ಯಾಡ್ರಿ."

ಸೋಮವಾರ ನೀಲವ್ವ ಸರ್ಟಿಫಿಕೇಟ್ ತಂದು ಮೇಜಿನ ಮೇಲಿಟ್ಟಳು. ಮೊದಲ ದರ್ಜೆ! ಮ್ಯಾನೇಜರ್ ಹಿಗ್ಗಿನಿಂದ ಓದಿದರು. ಹೆಸರು 'ಶ್ರೀಮತಿ ಗಂಗಾ' ಎಂದಿತ್ತು.

"ಯಾರ್ರೀ ಈ ಗಂಗಾ?"

"ನಮ್ಮ ಮನಿ ಎಮ್ಮಿ ರೀ."

"ಎಮ್ಮಿ ಪರೀಕ್ಷಾ ಬರೀತದೇನು?"

"ಅದೆಲ್ಲಿ ಬರೀತದ್ರೀ! ತಾನೇ ಪ್ರಶ್ನಿ ಓದಿ, ತಾನೇ ಉತ್ತರ ಹುಡುಕಿ ಒತ್ತೋ ಹಂಗ ನಾನೊಂದು ಪ್ರೋಗ್ರಾಂ ಬರದೆ. ಎಮ್ಮಿ ಹೆಸರಿನ್ಯಾಗ ಆ ಪ್ರೋಗ್ರಾಮೇ ಪರೀಕ್ಷಾ ಬರೀತು. ಆಗ ನಾನು ಹಾಲು ಹಿಂಡಾಕತ್ತಿದ್ದೆ. ಸರ್ಟಿಫಿಕೇಟ್ ಇದ್ದವರಿಗೇ ಕೆಲಸ ಅಂದ್ರಿ, ಅದಕ್ಕ ಎಮ್ಮಿನ್ನ ಕರಕೊಂಡು ಬಂದೀನಿ."

ಮ್ಯಾನೇಜರ್ ಕಿಟಕಿಯಾಚೆ ನೋಡಿದರು. ಎಮ್ಮೆ ಅವರ ಜೀಪಿನ ಸೀಟನ್ನು ಮೂಸುತ್ತಿತ್ತು. ಅವರಿಗೆ ನಗು ತಡೆಯಲಾಗಲಿಲ್ಲ.

"ನೀಲವ್ವಾರ, ಪಾಸಾದವರು ಊರ ತುಂಬ ಸಿಗತಾರ. ಎಮ್ಮಿನ್ನೂ ಪಾಸ್ ಮಾಡಸೋ ತಲಿ ಎಲ್ಲಿ ಸಿಗತದ? ಅದನ್ನ ಮನಿಗೆ ಹೊಡಕೊಂಡು ಹೋಗಿ ಕಟ್ಟಿ, ಲಗೂನ ಕೆಲಸಕ್ಕ ಬರ್ರಿ."